ಮನೆಯ ಇಂಟರ್‌ನೆಟ್ ಫೋನಿಗೆ ಕಾಲ್ ಫಾರ್ವರ್ಡ್ ಹಾಕುವುದು: ಕರೆಂಟ್ ಹೋದರೂ ಕಾಲ್ ಬರುವ ಹಾಗೆ

ಕಳೆದ ವರ್ಷ ಮಳೆಗಾಲದಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಸವನಗುಡಿಯ ಮನೆಗೆ ಬೀಗ ಹಾಕಿ, ಮೂರು ವಾರ ಇರಲಿ ಅಂತ ವಿದ್ಯಾರಣ್ಯಪುರದ ನಮ್ಮ ಮನೆಗೆ ಕರೆದುಕೊಂಡು ಬಂದೆ. ಹೊರಡುವಾಗ ಅಮ್ಮ ಕೇಳಿದ್ದು ಒಂದೇ ಮಾತು. "ಲ್ಯಾಂಡ್‌ಲೈನ್‌ಗೆ ಯಾರಾದ್ರೂ ಫೋನ್ ಮಾಡಿದ್ರೆ ಏನ್ ಮಾಡೋದು?" ಆ ನಂಬರ್ ನಮ್ಮ ಮನೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಸಾಗರದ ದೊಡ್ಡಮ್ಮನ ಡೈರಿಯಲ್ಲಿ ಅದೇ, ಪುರೋಹಿತರ ಹತ್ತಿರ ಅದೇ, ಗ್ಯಾಸ್ ಏಜೆನ್ಸಿಯಲ್ಲಿ ಅದೇ. ತಾಮ್ರದ ತಂತಿ ಹೋಗಿ ಫೈಬರ್ ಬಂದಾಗಲೂ ಹಟ ಹಿಡಿದು ಅದೇ ನಂಬರ್ ಉಳಿಸಿಕೊಂಡಿದ್ದೆವು. ಫೋನಿಗೆ ಅಂತ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಅಡಾಪ್ಟರ್ ಡಬ್ಬಿಯೊಂದು ಟಿವಿ ಪಕ್ಕ ಬಂದು ಕೂತಿತ್ತು, ಅಷ್ಟೇ ಬದಲಾವಣೆ.

ನಾನು ಆ ಫೋನಿನಲ್ಲಿ ಸ್ಟಾರ್ ಕೋಡ್, ಅಂದರೆ * ಗುರುತಿನಿಂದ ಶುರುವಾಗುವ ಅಂಕಿ, ಒತ್ತಿ ನನ್ನ ಮೊಬೈಲ್‌ಗೆ ಫಾರ್ವರ್ಡ್ ಹಾಕಿದೆ. ಒಂದು ಸಲ ಟೆಸ್ಟ್ ಮಾಡಿದೆ, ಕಾಲ್ ಬಂತು, ಬೀಗ ಹಾಕಿ ಹೊರಟೆವು. ಮೂರು ದಿನ ಚೆನ್ನಾಗಿಯೇ ನಡೆಯಿತು. ನಾಲ್ಕನೇ ದಿನ ಮಧ್ಯಾಹ್ನ ಜೋರು ಮಳೆ, ಆ ಬೀದಿಯಲ್ಲಿ ಕರೆಂಟ್ ಹೋಯಿತು. ಸಂಜೆ ದೊಡ್ಡಮ್ಮ ಸಾಗರದಿಂದ ನಾಲ್ಕು ಸಲ ಫೋನ್ ಮಾಡಿದ್ದಾರೆ, ಒಂದು ಸಲವೂ ರಿಂಗೇ ಆಗಿಲ್ಲ. ತಂಗಿಗೆ ಆಪರೇಷನ್ ಆಗಿದೆ ಅಂತ ಅವರಿಗೆ ಗೊತ್ತು, ಆದರೆ ನನ್ನ ಮೊಬೈಲ್ ನಂಬರ್ ಅವರ ಹತ್ತಿರ ಇರಲಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಬೆಳಿಗ್ಗೆ ಯಾರ್ಯಾರನ್ನೋ ವಿಚಾರಿಸಿ, ಕೊನೆಗೆ ಪಕ್ಕದ ಮನೆಯವರಿಂದ ನನ್ನ ನಂಬರ್ ಇಸ್ಕೊಂಡು ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು.

ಆಮೇಲೆ ಕೂತು ಇದನ್ನು ಪೂರ್ತಿ ಸರಿಮಾಡಿದೆ. ಊರಿಗೆ ಹೋಗುವವರು, ಅಪ್ಪ ಅಮ್ಮನನ್ನು ಬೇರೆ ಬಡಾವಣೆಯಲ್ಲಿ ಬಿಟ್ಟು ಕೆಲಸಕ್ಕೆ ಓಡಾಡುವವರು, ಮನೆಯಲ್ಲೇ ಸಣ್ಣ ವ್ಯವಹಾರ ಇಟ್ಟುಕೊಂಡವರು, ಎಲ್ಲರಿಗೂ ಇದು ಬೇಕಾಗುತ್ತದೆ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಫಾರ್ವರ್ಡ್ ಅನ್ನುವುದು ಎರಡು ಜಾಗದಲ್ಲಿ ಕೂರಬಹುದು. ಒಂದು, ನಿಮ್ಮ ಮನೆಯ ಡಬ್ಬಿಯೊಳಗೆ. ಇನ್ನೊಂದು, ಫೋನ್ ಕಂಪನಿಯ ಸರ್ವರ್‌ನಲ್ಲಿ, ಅಂದರೆ ಹಳೆಯ ಮಾತಿನಲ್ಲಿ ಎಕ್ಸ್‌ಚೇಂಜ್‌ನಲ್ಲಿ. ಡಬ್ಬಿಯೊಳಗೆ ಇದ್ದರೆ ಪ್ರತಿ ಕಾಲ್ ಮೊದಲು ನಿಮ್ಮ ಮನೆವರೆಗೆ ಬರಬೇಕು. ಆಗ ಡಬ್ಬಿ "ಇದನ್ನು ಆ ನಂಬರ್‌ಗೆ ಕಳಿಸಿ" ಅಂತ ಸರ್ವರ್‌ಗೆ ವಾಪಸ್ ಹೇಳಬೇಕು. ಕರೆಂಟ್ ಇಲ್ಲ, ನೆಟ್ ಇಲ್ಲ ಅಂದರೆ ಹೇಳುವವರು ಯಾರು? ಸರ್ವರ್‌ನಲ್ಲೇ ಇದ್ದರೆ ಈ ತಾಪತ್ರಯ ಇಲ್ಲ, ಮನೆಯಲ್ಲಿ ಮೇನ್ ಸ್ವಿಚ್ ಆರಿಸಿ ಬಂದರೂ ಕಾಲ್ ತಿರುಗುತ್ತದೆ.

ಹಳೇ ತಾಮ್ರದ ಲೈನ್ ಬಳಸಿದವರಿಗೆ ಇದು ಹೊಳೆಯುವುದು ಕಷ್ಟ. ಆ ಫೋನಿಗೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಅಲ್ಲಿ 48 ವೋಲ್ಟಿನ ಬ್ಯಾಟರಿ ಇರುತ್ತಿತ್ತು. ಅದಕ್ಕೇ ಇಡೀ ಬಡಾವಣೆ ಕತ್ತಲಲ್ಲಿ ಇದ್ದರೂ ಫೋನ್ ಎತ್ತಿದರೆ ಗುಂಯ್ ಅಂತ ಡಯಲ್ ಟೋನ್ ಬರುತ್ತಿತ್ತು. ಈಗಿನ ಫೋನ್ ನೋಡಲು ಅದೇ ಇರಬಹುದು, ಮೇಲೆ ಅಮ್ಮ ಹೆಣೆದ ಕ್ರೋಶಾ ಬಟ್ಟೆಯೂ ಅದೇ ಇರಬಹುದು, ಆದರೆ ಅದರ ಜೀವ ನಿಮ್ಮ ಮನೆಯ ಪ್ಲಗ್ ಪಾಯಿಂಟ್‌ನಲ್ಲಿದೆ.

ನಿಮ್ಮ ಮನೆಯಲ್ಲಿರುವುದು ಯಾವ ಡಬ್ಬಿ?

ಫೋನಿನ ವೈರ್ ಹಿಡಿದುಕೊಂಡು ಅದು ಎಲ್ಲಿಗೆ ಹೋಗುತ್ತದೆ ನೋಡಿ. ನೇರವಾಗಿ ಫೈಬರ್ ಕಂಪನಿ ಕೊಟ್ಟ ವೈಫೈ ಬಾಕ್ಸ್‌ನ ಹಿಂದೆ, ಫೋನ್ ಚಿತ್ರ ಇರುವ ಅಥವಾ ಪಾಟ್ಸ್ ಅಂತ ಬರೆದಿರುವ ಸಣ್ಣ ತೂತಿಗೆ ಹೋಗಿದ್ದರೆ ನಿಮ್ಮ ಅಡಾಪ್ಟರ್ ಆ ಬಾಕ್ಸ್‌ನ ಒಳಗೇ ಇದೆ ಅಂತ ಅರ್ಥ. ಅದರ ಫೋನ್ ಸೆಟ್ಟಿಂಗ್ ಸಾಮಾನ್ಯವಾಗಿ ಕಂಪನಿ ಕೈಯಲ್ಲಿರುತ್ತದೆ. ನೀವು ಅದರೊಳಗೆ ಹೋಗಿ ತಡಕಾಡಬೇಕಾಗಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅಥವಾ ಅವರ ಆ್ಯಪ್ ತೆಗೆದು ನೋಡಿ, ಮೂರು ವಿಷಯ ಕೇಳಿ: ಎಲ್ಲ ಕಾಲ್ ಫಾರ್ವರ್ಡ್ ಮಾಡುವುದು ಹೇಗೆ, ಎತ್ತದೆ ಇದ್ದಾಗ ಮಾತ್ರ ಮಾಡುವುದು ಹೇಗೆ, ಲೈನ್ ಸತ್ತಿದ್ದಾಗ ಮಾಡುವುದು ಹೇಗೆ. ಮೂರನೆಯದನ್ನು ಬಿಡಬೇಡಿ. ಕಂಪನಿಯಿಂದ ಕಂಪನಿಗೆ ಕೋಡ್ ಬೇರೆ ಇರುತ್ತದೆ, ಆದ್ದರಿಂದ ಪಕ್ಕದ ಮನೆಯವರ ಕೋಡ್ ನಿಮಗೆ ಆಗುತ್ತದೆ ಅಂತ ನಂಬಬೇಡಿ.

ವೈರ್ ಬೇರೆ ಒಂದು ಪುಟ್ಟ ಡಬ್ಬಿಗೆ ಹೋಗಿ, ಅಲ್ಲಿಂದ ಲ್ಯಾನ್ ಕೇಬಲ್ ರೂಟರ್‌ಗೆ ಹೋಗಿದ್ದರೆ ಅದೇ ಎಟಿಎ, ಅಂದರೆ ಹಳೇ ಫೋನನ್ನು ಇಂಟರ್‌ನೆಟ್‌ಗೆ ಹೊಂದಿಸುವ ಅಡಾಪ್ಟರ್. ಗ್ರ್ಯಾಂಡ್‌ಸ್ಟ್ರೀಮ್‌ನ ಎಚ್‌ಟಿ801, ಎಚ್‌ಟಿ802, ಸಿಸ್ಕೋದ ಎಸ್‌ಪಿಎ112, ಅದಕ್ಕಿಂತ ಹಳೆಯ ಲಿಂಕ್‌ಸಿಸ್ ಪಿಎಪಿ2ಟಿ, ಇವು ಹೆಚ್ಚಾಗಿ ಕಾಣುವ ಡಬ್ಬಿಗಳು. ಇವುಗಳ ವಿಷಯವನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಫೋನಿನಿಂದಲೇ ಹಾಕುವುದು

ಗ್ರ್ಯಾಂಡ್‌ಸ್ಟ್ರೀಮ್ ಆಗಲಿ, ಸಿಸ್ಕೋ-ಲಿಂಕ್‌ಸಿಸ್ ಆಗಲಿ, ಈ ಎರಡೂ ಬಗೆಯ ಅಡಾಪ್ಟರ್‌ಗಳಲ್ಲಿ ಕೋಡ್ ಒಂದೇ, ಅದು ನಮ್ಮ ಅದೃಷ್ಟ. ಫೋನ್ ಎತ್ತಿ, ಡಯಲ್ ಟೋನ್ ಬಂದ ಮೇಲೆ *72 ಒತ್ತಿ, ಹಿಂದೆಯೇ ಕಾಲ್ ಹೋಗಬೇಕಾದ ನಂಬರ್ ಒತ್ತಿ, ಕೊನೆಗೆ # ಒತ್ತಿ. ಮತ್ತೆ ಡಯಲ್ ಟೋನ್ ಬರುವವರೆಗೆ ಕಾದು ಆಮೇಲೆ ಇಡಿ. ಸಿಸ್ಕೋ, ಲಿಂಕ್‌ಸಿಸ್ ಡಬ್ಬಿಗಳಲ್ಲಿ *72 ಆದ ಮೇಲೆ ಇನ್ನೊಂದು ಟೋನ್ ಕೇಳಿಸಿದರೆ ಅದು ಬಂದ ಮೇಲೆ ನಂಬರ್ ಒತ್ತಿ. ಇದು ಎಲ್ಲ ಕಾಲನ್ನೂ ತಿರುಗಿಸುತ್ತದೆ, ಮನೆಯ ಫೋನ್ ರಿಂಗ್ ಆಗುವುದಿಲ್ಲ. ತೆಗೆಯಲು *73.

ಫೋನ್ ಎಂಗೇಜ್ ಇದ್ದಾಗ ಮಾತ್ರ ತಿರುಗಬೇಕು ಅಂದರೆ *90, ತೆಗೆಯಲು *91. ಯಾರೂ ಎತ್ತದಿದ್ದಾಗ ಮಾತ್ರ ಅಂದರೆ *92, ತೆಗೆಯಲು *93. ಮನೆಯಲ್ಲಿ ಹಿರಿಯರು ಇದ್ದಾರೆ, ಕೆಲವು ಸಲ ಎತ್ತುತ್ತಾರೆ ಕೆಲವು ಸಲ ಇಲ್ಲ ಅನ್ನುವ ಮನೆಗೆ *92 ಸರಿಯಾದದ್ದು. ಸುಮ್ನೆ *72 ಹಾಕಿಬಿಟ್ಟರೆ ಫೋನ್ ರಿಂಗೇ ಆಗುವುದಿಲ್ಲ, "ನನಗೆ ಯಾರೂ ಫೋನೇ ಮಾಡಲ್ಲ" ಅಂತ ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಅದು ಸಣ್ಣ ವಿಷಯ ಅಲ್ಲ. ಅವರ ಫೋನ್ ಮೊದಲು ಅವರ ಮುಂದೆ ಬಡಿಯಲಿ.

ಈಗ ಹೆಚ್ಚು ಜನ ಎಡವುವ ಜಾಗ. ಮೊಬೈಲ್ ನಂಬರ್ ಹತ್ತೇ ಅಂಕಿ ಒತ್ತಿದರೆ ಆಗುವುದಿಲ್ಲ. 2021ರ ಜನವರಿ 15ರಿಂದ ನಮ್ಮ ದೇಶದಲ್ಲಿ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಫೋನ್ ಮಾಡಲು ಮುಂದೆ 0 ಹಾಕಲೇಬೇಕು. ಫಾರ್ವರ್ಡ್ ಆದ ಕಾಲ್ ಕೂಡ ನಿಮ್ಮ ಲ್ಯಾಂಡ್‌ಲೈನ್‌ನಿಂದ ಹೊರಡುವ ಕಾಲೇ ಅಲ್ವಾ, ಅದಕ್ಕೂ ಅದೇ ನಿಯಮ. ಹಾಗಾಗಿ *72, ಆಮೇಲೆ 0, ಆಮೇಲೆ ಹತ್ತು ಅಂಕಿ, ಆಮೇಲೆ #. ಬೆಂಗಳೂರಿನೊಳಗಿನ ಇನ್ನೊಂದು ಲ್ಯಾಂಡ್‌ಲೈನ್‌ಗೆ ತಿರುಗಿಸುವುದಾದರೆ ಎಂಟು ಅಂಕಿ ಸಾಕು, ಆದರೆ ಮುಂದೆ 080 ಸೇರಿಸಿ ಒತ್ತಿದರೂ ಹೋಗುತ್ತದೆಯೇ ಅಂತ ಒಮ್ಮೆ ಮಾಮೂಲಿ ಕಾಲ್ ಮಾಡಿ ನೋಡಿಕೊಳ್ಳಿ. ಕೆಲವು ಸರ್ವರ್‌ಗಳು ಪೂರ್ತಿ ನಂಬರ್ ಕೇಳುತ್ತವೆ. ನಿಯಮ ಸುಲಭ: ಆ ಫೋನಿನಿಂದ ನೇರವಾಗಿ ಯಾವ ರೀತಿ ಒತ್ತಿದರೆ ಕಾಲ್ ಹೋಗುತ್ತದೋ, ಫಾರ್ವರ್ಡ್‌ಗೂ ಅದೇ ರೀತಿ ಒತ್ತಬೇಕು. ಹಾಕುವ ಮೊದಲು ಆ ನಂಬರ್‌ಗೆ ಒಂದು ಕಾಲ್ ಮಾಡಿ ಮಾತಾಡಿಬಿಡಿ, ಅರ್ಧ ತೊಂದರೆ ಅಲ್ಲಿಯೇ ಮುಗಿಯುತ್ತದೆ.

*72 ಒತ್ತುತ್ತಿದ್ದ ಹಾಗೇ ಎಂಗೇಜ್ ಟೋನ್ ಬಂದರೆ ಎರಡು ಕಾರಣ ಇರಬಹುದು. ಒಂದು, ಡಬ್ಬಿಯ ಒಳಗಿನ ಸ್ಟಾರ್ ಕೋಡ್ ಸೌಲಭ್ಯವನ್ನು ಯಾರೋ ಆಫ್ ಮಾಡಿದ್ದಾರೆ, ಆಗ ಕೋಡ್ ನೇರವಾಗಿ ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಅಲ್ಲಿ *72ಕ್ಕೆ ಅರ್ಥವೇ ಇಲ್ಲದಿರಬಹುದು. ಇನ್ನೊಂದು, ಡಯಲ್ ಪ್ಲಾನ್, ಅಂದರೆ ಯಾವ ರೀತಿಯ ನಂಬರ್ ಒತ್ತಲು ಡಬ್ಬಿ ಬಿಡಬೇಕು ಅನ್ನುವ ನಿಯಮ, ಬಿಗಿಯಾಗಿದೆ. ಎರಡನ್ನೂ ಡಬ್ಬಿಯ ವೆಬ್ ಪೇಜ್‌ನಲ್ಲಿ ನೋಡಬಹುದು.

ವೆಬ್ ಪೇಜ್ ಒಳಗೆ

ಈ ಪೇಜ್ ತೆರೆಯಲು ಡಬ್ಬಿಯ ಐಪಿ ಅಡ್ರೆಸ್, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಅದರ ವಿಳಾಸದ ಅಂಕಿ, ಬೇಕು. ಗೊತ್ತಿಲ್ಲ ಅಂದರೆ ಡಬ್ಬಿಯನ್ನೇ ಕೇಳಿ. ಗ್ರ್ಯಾಂಡ್‌ಸ್ಟ್ರೀಮ್ ಆದರೆ ಫೋನ್ ಎತ್ತಿ ಮೂರು ಸಲ * ಒತ್ತಿ, ಒಂದು ಹೆಣ್ಣುದನಿ ಬರುತ್ತದೆ, 02 ಒತ್ತಿದರೆ ಅಡ್ರೆಸ್ ಓದಿ ಹೇಳುತ್ತದೆ. ಲಿಂಕ್‌ಸಿಸ್, ಸಿಸ್ಕೋ ಆದರೆ ನಾಲ್ಕು ಸಲ * ಒತ್ತಿ, ಆಮೇಲೆ 110#. ಪೆನ್ನು ಕಾಗದ ಹತ್ತಿರ ಇಟ್ಟುಕೊಳ್ಳಿ, ಬೇಗ ಬೇಗ ಹೇಳಿಬಿಡುತ್ತದೆ. ಅದೇ ವೈಫೈನಲ್ಲಿರುವ ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಆ ಅಡ್ರೆಸ್ ಹಾಕಿದರೆ ಲಾಗಿನ್ ಪೇಜ್ ಬರುತ್ತದೆ. ಹೊಸ ಗ್ರ್ಯಾಂಡ್‌ಸ್ಟ್ರೀಮ್ ಡಬ್ಬಿಗಳಲ್ಲಿ ಪಾಸ್‌ವರ್ಡ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಅಚ್ಚಾಗಿರುತ್ತದೆ. ಹಳೆಯದರಲ್ಲಿ ಅಡ್ಮಿನ್ ಅನ್ನುವ ಪದವೇ ಪಾಸ್‌ವರ್ಡ್. ಹಾಗಿದ್ದರೆ ಈ ಕೆಲಸಕ್ಕೆ ಮುಂಚೆ ಅದನ್ನು ಬದಲಾಯಿಸಿ. ಡಬ್ಬಿಯ ಪೇಜ್ ಹೊರಗಿನ ಇಂಟರ್‌ನೆಟ್‌ನಿಂದ ತೆರೆಯುವ ಹಾಗೆ ರೂಟರ್‌ನಲ್ಲಿ ಯಾವತ್ತೂ ದಾರಿ ಬಿಡಬೇಡಿ. ಯಾರೋ ಒಳಗೆ ನುಗ್ಗಿ ನಿಮ್ಮ ಲೈನಿನಿಂದ ಹೊರದೇಶಕ್ಕೆ ಕಾಲ್ ಮಾಡಿದರೆ ಬಿಲ್ ನಿಮ್ಮ ಹೆಸರಿಗೇ ಬರುವುದು.

ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ ಎಫ್‌ಎಕ್ಸ್‌ಎಸ್ ಪೋರ್ಟ್ ಅನ್ನುವ ಪೇಜ್ ತೆಗೆಯಿರಿ. ಉದ್ದದ ಪೇಜ್, ಗಾಬರಿ ಬೇಡ, ನಮಗೆ ಬೇಕಾದದ್ದು ನಾಲ್ಕೇ. ಎನೇಬಲ್ ಕಾಲ್ ಫೀಚರ್ಸ್ ಅನ್ನುವುದು ಯೆಸ್ ಇರಲಿ, ಸ್ಟಾರ್ ಕೋಡ್ ಕೆಲಸ ಮಾಡುವುದು ಅದರಿಂದ. ಡಯಲ್ ಪ್ಲಾನ್ ಅನ್ನುವ ಜಾಗದಲ್ಲಿ ಸ್ಟಾರ್‌ನಿಂದ ಶುರುವಾಗುವ ನಂಬರ್‌ಗೆ ಅವಕಾಶ ಇದೆಯೇ ನೋಡಿ, ಡಬ್ಬಿ ಹೊಸದಾಗಿ ಬಂದಾಗ ಇರುತ್ತದೆ, ಯಾರಾದರೂ ಬದಲಾಯಿಸಿದ್ದರೆ ಹೋಗಿರುತ್ತದೆ. ಉಳಿದ ಎರಡರಲ್ಲಿ ಒಂದು ಕಾಯುವ ಸಮಯ, ಇನ್ನೊಂದು ರಿಜಿಸ್ಟರ್ ಸಮಯ. ಅವೆರಡಕ್ಕೂ ಸ್ವಲ್ಪ ವಿವರಣೆ ಬೇಕು.

ಸಿಸ್ಕೋ, ಲಿಂಕ್‌ಸಿಸ್‌ನಲ್ಲಿ ಯೂಸರ್ ಅನ್ನುವ ಟ್ಯಾಬ್ ತೆಗೆದರೆ ಫಾರ್ವರ್ಡ್ ನಂಬರ್‌ಗಳನ್ನು ಅಲ್ಲೇ ಟೈಪ್ ಮಾಡಬಹುದು, ಎಲ್ಲ ಕಾಲ್‌ಗೆ ಒಂದು, ಎಂಗೇಜ್‌ಗೆ ಒಂದು, ಎತ್ತದಿದ್ದಾಗ ಒಂದು. ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟ ಡಬ್ಬಿ ನಿಮ್ಮದಾಗಿದ್ದರೆ ಡಯಲ್ ಪ್ಲಾನ್ ಅಲ್ಲಿನ ನಂಬರ್‌ಗಳಿಗೆ ಹೊಂದಿಸಿದ್ದು. ಬೆಂಗಳೂರಿನ ಎಂಟು ಅಂಕಿಯ ನಂಬರ್ ಒತ್ತಿದರೆ ಅದಕ್ಕೆ ತಬ್ಬಿಬ್ಬಾಗುತ್ತದೆ, ಅದನ್ನು ತಿದ್ದಲೇಬೇಕು.

ಎಷ್ಟು ಹೊತ್ತು ಬಡಿಯಬೇಕು?

*92 ಹಾಕಿದವರಿಗೆ ಇದು ಮುಖ್ಯ. ಎತ್ತದಿದ್ದರೆ ಎಷ್ಟು ಸೆಕೆಂಡ್ ಆದ ಮೇಲೆ ತಿರುಗಬೇಕು ಅನ್ನುವುದು ಡಬ್ಬಿಯಲ್ಲಿ 20 ಸೆಕೆಂಡ್ ಅಂತ ಇರುತ್ತದೆ. ನಮ್ಮ ದೇಶದ ರಿಂಗ್ ಟ್ರಿಣ್-ಟ್ರಿಣ್ ಅಂತ ಎರಡು ಸಲ ಬಡಿದು ಸ್ವಲ್ಪ ನಿಲ್ಲುತ್ತದೆ, ಆ ಒಂದು ಸುತ್ತಿಗೆ 3 ಸೆಕೆಂಡ್. ಅಂದರೆ 20 ಸೆಕೆಂಡ್‌ಗೆ ಆರೇಳು ಸುತ್ತು. ಅಮೆರಿಕದ ಕ್ರಮಕ್ಕೆ ಇಟ್ಟ ಡಬ್ಬಿಯಲ್ಲಿ ಒಂದೇ ಉದ್ದನೆಯ ರಿಂಗ್, ಒಂದು ಸುತ್ತಿಗೆ 6 ಸೆಕೆಂಡ್, ಅಲ್ಲಿ ಮೂರು ಸಲ ಬಡಿಯುವಷ್ಟರಲ್ಲಿ ಕಾಲ್ ಹೊರಟುಹೋಗಿರುತ್ತದೆ.

ನಾನು ಒಂದು ಭಾನುವಾರ ಅಳೆದು ನೋಡಿದೆ. ಅಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರು. ಫೋನ್ ಬಡಿಯಿತು. ಸ್ಟವ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಗೋಡೆ ಹಿಡಿದು ಹಾಲ್‌ಗೆ ಬಂದು ರಿಸೀವರ್ ಎತ್ತುವ ಹೊತ್ತಿಗೆ 26 ಸೆಕೆಂಡ್. ಅಂದರೆ 20ಕ್ಕೆ ಬಿಟ್ಟಿದ್ದರೆ ಪ್ರತಿ ಸಲವೂ ಅವರು ಬಂದು ಎತ್ತುವಷ್ಟರಲ್ಲಿ ಕಾಲ್ ನನ್ನ ಹತ್ತಿರ ಬಂದಿರುತ್ತಿತ್ತು, ಅವರಿಗೆ ಬರೀ ಡಯಲ್ ಟೋನ್. ಓಡಿ ಬಂದು ಜಾರಿ ಬೀಳುವ ಭಯ ಬೇರೆ. 35 ಸೆಕೆಂಡ್ ಇಟ್ಟೆ. ತುಂಬ ಜಾಸ್ತಿಯೂ ಮಾಡಬೇಡಿ, ಯಾಕೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2019ರಲ್ಲಿ ಎತ್ತದ ಕಾಲ್ ಎಷ್ಟು ಹೊತ್ತು ರಿಂಗ್ ಆಗಬೇಕು ಅಂತ ಮಿತಿ ಹಾಕಿದೆ, ಲ್ಯಾಂಡ್‌ಲೈನ್‌ಗೆ 60 ಸೆಕೆಂಡ್, ಮೊಬೈಲ್‌ಗೆ 30. ನೀವು 55 ಇಟ್ಟರೆ ನಿಮ್ಮ ಮೊಬೈಲ್ ಬಡಿಯುವ ಮುಂಚೆಯೇ ಕಾಲ್ ಮುಗಿದುಹೋಗಬಹುದು, ಅಷ್ಟು ಹೊತ್ತು ಕಾಯುವ ತಾಳ್ಮೆಯೂ ಫೋನ್ ಮಾಡಿದವರಿಗೆ ಇರುವುದಿಲ್ಲ. ನಿಮ್ಮ ಮನೆಯಲ್ಲಿ ನೀವೇ ಅಳೆಯಿರಿ, ಅವರು ನಡೆದು ಬರುವ ಹೊತ್ತಿಗೆ ಇನ್ನೊಂದು ಹತ್ತು ಸೆಕೆಂಡ್ ಸೇರಿಸಿ.

ಸರ್ವರ್‌ನಲ್ಲಿ ಹಾಕಿಸುವುದು

ಇಲ್ಲಿಯವರೆಗೆ ಮಾಡಿದ್ದೆಲ್ಲ ಡಬ್ಬಿಯೊಳಗಿನ ಫಾರ್ವರ್ಡ್. ಡಬ್ಬಿ ಉಸಿರಾಡುತ್ತಿರುವವರೆಗೆ ಮಾತ್ರ ನಡೆಯುತ್ತದೆ. ಇನ್ನೊಂದು ತೊಂದರೆಯೂ ಇದೆ. ಕಾಲ್ ಬಂದಾಗ ಡಬ್ಬಿ ಸರ್ವರ್‌ಗೆ 302 ಅನ್ನುವ ಉತ್ತರ ಕಳಿಸುತ್ತದೆ, ಸದ್ಯಕ್ಕೆ ಬೇರೆ ಜಾಗಕ್ಕೆ ಹೋಗಿದ್ದೇವೆ, ಅಲ್ಲಿಗೆ ಕಳಿಸಿ ಅಂತ ಅದರ ಅರ್ಥ. ಆ ಮಾತನ್ನು ಕೇಳುವುದು ಬಿಡುವುದು ಸರ್ವರ್‌ಗೆ ಬಿಟ್ಟದ್ದು. ಕೆಲವು ಕಂಪನಿಗಳು ಭದ್ರತೆಯ ಕಾರಣಕ್ಕೆ 302 ಒಪ್ಪುವುದೇ ಇಲ್ಲ. ಆಗ ನಿಮ್ಮ ಫೋನಿನಲ್ಲಿ *72 ಸರಿಯಾಗಿ ಒಪ್ಪಿಕೊಂಡ ಹಾಗೆ ಕಾಣುತ್ತದೆ, ಫೋನ್ ಮಾಡಿದವರಿಗೆ ಮಾತ್ರ ಎಂಗೇಜ್ ಟೋನ್ ಬಂದು ಕಟ್ ಆಗುತ್ತದೆ. ಹಾಗಾದರೆ ಡಬ್ಬಿಯ ಜೊತೆ ಗುದ್ದಾಡಬೇಡಿ, ತಪ್ಪು ಅದರದ್ದಲ್ಲ.

ನಿಮ್ಮ ಕಂಪನಿಗೆ ಗ್ರಾಹಕರ ಪೋರ್ಟಲ್ ಅಥವಾ ಆ್ಯಪ್ ಇದ್ದರೆ ಅದರಲ್ಲಿ ಕಾಲ್ ಫಾರ್ವರ್ಡಿಂಗ್ ಹುಡುಕಿ. ಅಲ್ಲಿ ಅನ್‌ರೀಚಬಲ್ ಅಥವಾ ನಾಟ್ ರಿಜಿಸ್ಟರ್ಡ್ ಅನ್ನುವ ಸಾಲು ಇದ್ದರೆ ಅದೇ ನಮಗೆ ಬೇಕಾದದ್ದು. ಡಬ್ಬಿ ಸಿಗದೇ ಇದ್ದಾಗ ಯಾವ ನಂಬರ್‌ಗೆ ಕಳಿಸಬೇಕು ಅಂತ ಅಲ್ಲಿ ಹಾಕಿಡಿ, ಅದನ್ನು ವರ್ಷಪೂರ್ತಿ ಹಾಗೇ ಬಿಡಿ. ಮನೆಯಲ್ಲಿ ಎಲ್ಲ ಸರಿ ಇದ್ದಾಗ ಅದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ. ಕರೆಂಟ್ ಹೋದ ದಿನ, ರಸ್ತೆ ಅಗೆಯುವಾಗ ಫೈಬರ್ ಕತ್ತರಿಸಿಹೋದ ದಿನ, ಅದೊಂದೇ ನಿಮ್ಮ ಕೈ ಹಿಡಿಯುವುದು. ಎಲ್ಲರೂ ಊರಿಗೆ ಹೋಗುವಾಗಲೂ *72 ಒತ್ತುವ ಬದಲು ಪೋರ್ಟಲ್‌ನಲ್ಲೇ ಎಲ್ಲ ಕಾಲ್ ಫಾರ್ವರ್ಡ್ ಹಾಕಿ.

ಈಗ ಆ ರಿಜಿಸ್ಟರ್ ಸಮಯದ ವಿಷಯ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಡಬ್ಬಿ ಆಗಾಗ ಸರ್ವರ್‌ಗೆ "ನಾನು ಇಲ್ಲಿದ್ದೇನೆ" ಅಂತ ಹಾಜರಿ ಹಾಕುತ್ತದೆ. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ ಆ ಹಾಜರಿಯ ಅವಧಿ 60 ನಿಮಿಷ ಅಂತ ಇರುತ್ತದೆ. ಹಾಜರಿ ಹಾಕಿದ ಮರುಕ್ಷಣವೇ ಕರೆಂಟ್ ಹೋದರೆ ಸರ್ವರ್ ಇನ್ನೂ ಒಂದು ಗಂಟೆ ಡಬ್ಬಿ ಮನೆಯಲ್ಲೇ ಇದೆ ಅಂತಲೇ ನಂಬಿರುತ್ತದೆ. ಅಷ್ಟು ಹೊತ್ತು ಬಂದ ಕಾಲ್‌ಗಳು ಸತ್ತ ಡಬ್ಬಿಯ ಬಾಗಿಲು ತಟ್ಟುತ್ತವೆ, ಫೋನ್ ಮಾಡಿದವರಿಗೆ ಅರ್ಧ ನಿಮಿಷ ನಿಶ್ಶಬ್ದ. ರಿಜಿಸ್ಟರ್ ಎಕ್ಸ್‌ಪಿರೇಷನ್ ಅನ್ನುವ ಆ ಜಾಗದಲ್ಲಿ 60 ತೆಗೆದು 5 ಹಾಕಿ, ಅಪ್ಡೇಟ್ ಒತ್ತಿ, ಅಪ್ಲೈ ಒತ್ತಿ. ಐದೇ ನಿಮಿಷದಲ್ಲಿ ಸರ್ವರ್‌ಗೆ ವಿಷಯ ಗೊತ್ತಾಗುತ್ತದೆ. ಒಂದು ನಿಮಿಷಕ್ಕೆ ಇಳಿಸುವ ಆಸೆ ಬೇಡ, ಸುಮ್ಮನೆ ಸರ್ವರ್‌ಗೆ ಕಾಟ.

ಪೋರ್ಟಲ್ ಇಲ್ಲ, ಕಸ್ಟಮರ್ ಕೇರ್‌ನವರಿಗೂ ಅರ್ಥವಾಗುತ್ತಿಲ್ಲ ಅಂದರೆ ಉಳಿದಿರುವುದು ಡಬ್ಬಿಯನ್ನು ಸಾಯಲು ಬಿಡದೇ ಇರುವುದು. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ರೂಟರ್‌ಗೆ ಅಂತಲೇ ಮಿನಿ ಯುಪಿಎಸ್ ಸಿಗುತ್ತದೆ. ಹೋಗುವ ಮುಂಚೆ ಮನೆಯ ಎರಡೂ ಡಬ್ಬಿಗಳ ಚಾರ್ಜರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಫೋಟೋ ತೆಗೆದುಕೊಂಡು ಹೋಗಿ. ಫೈಬರ್ ಬಾಕ್ಸ್ ಸಾಮಾನ್ಯವಾಗಿ 12 ವೋಲ್ಟ್, ಎಚ್‌ಟಿ801 ತರಹದ ಅಡಾಪ್ಟರ್ 5 ವೋಲ್ಟ್. ಎರಡೂ ಔಟ್‌ಪುಟ್ ಇರುವ ಯುಪಿಎಸ್ ಕೇಳಿ, ರೂಟರ್‌ಗೆ ಮಾತ್ರ ಕೊಟ್ಟು ಅಡಾಪ್ಟರ್ ಮರೆತರೆ ವೈಫೈ ಇರುತ್ತದೆ, ಫೋನ್ ಇರುವುದಿಲ್ಲ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಕಮ್ಮಿ ಆಗಬಾರದು. ಆದರೂ ಇದು ಕೆಲವು ಗಂಟೆಗಳ ಮಾತು. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಒಂದು ದಿನ ಪ್ಲಗ್ ಕಿತ್ತು ಗಡಿಯಾರ ನೋಡಿ.

ಟೆಸ್ಟ್ ಮಾಡುವ ರೀತಿ

ನಾನು ಮೊದಲ ಸಲ ಮಾಡಿದ ಟೆಸ್ಟ್ ಸಾಲದು. ಎರಡು ಮೊಬೈಲ್ ಬೇಕು. ಫಾರ್ವರ್ಡ್ ಆಗಿ ಕಾಲ್ ಬರಬೇಕಾದ ಮೊಬೈಲ್‌ನಿಂದಲೇ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿದರೆ ಅದು ತಾನೇ ಎಂಗೇಜ್ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ಮೂರನೇ ನಂಬರ್‌ನಿಂದ ಮಾಡಿ. ಮೊದಲು ಮಾಮೂಲಿ ಒಂದು ಕಾಲ್. ಆಮೇಲೆ ಎತ್ತದೇ ಬಿಟ್ಟು ಒಂದು. ಆಮೇಲೆ ಲ್ಯಾಂಡ್‌ಲೈನ್‌ನಲ್ಲಿ ಯಾರ ಜೊತೆಗೋ ಮಾತಾಡುತ್ತಿರುವಾಗ ಒಂದು. ಅಲ್ಲಿ ಕಾಲ್ ವೇಟಿಂಗ್ ಆನ್ ಇದ್ದರೆ ಎಂಗೇಜ್ ಫಾರ್ವರ್ಡ್ ಕೆಲಸ ಮಾಡುವುದಿಲ್ಲ, ಯಾಕೆಂದರೆ ಡಬ್ಬಿಯ ಲೆಕ್ಕದಲ್ಲಿ ಲೈನ್ ಎಂಗೇಜೇ ಆಗಿಲ್ಲ. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ *50 ಒತ್ತಿದರೆ ಕಾಲ್ ವೇಟಿಂಗ್ ಆಫ್, *51 ಒತ್ತಿದರೆ ಆನ್.

ಕೊನೆಯದು, ಯಾರೂ ಮಾಡದ ಟೆಸ್ಟ್: ಡಬ್ಬಿಯ ಪ್ಲಗ್ ಕಿತ್ತುಹಾಕಿ. ಹತ್ತು ನಿಮಿಷ ಕಾಫಿ ಕುಡಿದು ಬನ್ನಿ. ಈಗ ಮೂರನೇ ನಂಬರ್‌ನಿಂದ ಫೋನ್ ಮಾಡಿ. ಮೊಬೈಲ್ ಬಡಿದರೆ ಮಾತ್ರ ನಿಮ್ಮ ಕೆಲಸ ಆಗಿದೆ.

ಕಾಲ್ ಬಂದಾಗ ಮೊಬೈಲ್‌ನಲ್ಲಿ ಯಾರ ನಂಬರ್ ಕಾಣುತ್ತದೆ ಅನ್ನುವುದನ್ನೂ ಗಮನಿಸಿ. ಕೆಲವು ಕಂಪನಿಗಳಲ್ಲಿ ಫೋನ್ ಮಾಡಿದವರ ನಂಬರ್ ಬರುತ್ತದೆ, ಕೆಲವರಲ್ಲಿ ನಿಮ್ಮದೇ ಲ್ಯಾಂಡ್‌ಲೈನ್ ನಂಬರ್ ಬರುತ್ತದೆ. ಎರಡನೆಯ ರೀತಿ ಇದ್ದರೆ ಆ ನಂಬರ್‌ನ ಕಾಲ್ ತಪ್ಪದೇ ಎತ್ತಿ, ಮಿಸ್ಡ್ ಕಾಲ್ ಆದರೆ ಯಾರು ಮಾಡಿದ್ದು ಅಂತ ಗೊತ್ತಾಗುವುದಿಲ್ಲ. ಇನ್ನೊಂದು ಮಾತು, ಮೊಬೈಲ್‌ನಿಂದ ಲ್ಯಾಂಡ್‌ಲೈನ್‌ಗೆ ಮೊದಲೇ ಫಾರ್ವರ್ಡ್ ಇದ್ದರೆ ತೆಗೆಯಿರಿ. ಎರಡೂ ಒಂದನ್ನೊಂದು ಬೊಟ್ಟು ಮಾಡಿದರೆ ಕಾಲ್ ಸುತ್ತಿ ಸುತ್ತಿ ಕಟ್ ಆಗುತ್ತದೆ. ಫಾರ್ವರ್ಡ್ ಆದ ಭಾಗದ ಖರ್ಚು ನಿಮ್ಮದು. ಪ್ಲಾನ್‌ನಲ್ಲಿ ಕಾಲ್ ಫ್ರೀ ಇದ್ದರೆ ಚಿಂತೆಯಿಲ್ಲ, ಹೊರದೇಶದ ನಂಬರ್‌ಗೆ ತಿರುಗಿಸಿದರೆ ಐಎಸ್‌ಡಿ ದರ ಬೀಳುತ್ತದೆ.

ಯಾರೋ ಹೇಳಿದ ಕೋಡ್ ಒತ್ತಬೇಡಿ

ಇದನ್ನು ಮನೆಯ ಹಿರಿಯರಿಗೆ ದಯವಿಟ್ಟು ಓದಿ ಹೇಳಿ. "ಕೊರಿಯರ್‌ನವರು, ನಿಮ್ಮ ಪಾರ್ಸೆಲ್ ಬಂದಿದೆ" ಅಂತಲೋ, "ನಿಮ್ಮ ಸಿಮ್ ಬಂದ್ ಆಗುತ್ತದೆ" ಅಂತಲೋ ಫೋನ್ ಮಾಡಿ, *401* ಅಂತ ಶುರುವಾಗುವ ಒಂದು ನಂಬರ್ ಒತ್ತಿ ಅನ್ನುತ್ತಾರೆ. ಅದು ಮೊಬೈಲ್‌ನ ಕಾಲ್ ಫಾರ್ವರ್ಡ್ ಕೋಡ್. ಒತ್ತಿದರೆ ನಿಮ್ಮ ಕಾಲ್‌ಗಳೆಲ್ಲ ಅವರಿಗೆ ಹೋಗುತ್ತವೆ, ಫೋನ್ ಮಾಡಿ ಹೇಳುವ ಒಟಿಪಿ ಕೂಡ. ಈ ಮೋಸ ಎಷ್ಟು ಹೆಚ್ಚಿತು ಅಂದರೆ ಟೆಲಿಕಾಂ ಇಲಾಖೆ 2024ರ ಏಪ್ರಿಲ್ 15ರಿಂದ ಮೊಬೈಲ್‌ಗಳಲ್ಲಿ ಆ ಬಗೆಯ ಕೋಡ್ ಒತ್ತಿ ಫಾರ್ವರ್ಡ್ ಹಾಕುವುದನ್ನೇ ನಿಲ್ಲಿಸಿ ಅಂತ ಕಂಪನಿಗಳಿಗೆ ಹೇಳಿತು. ಲ್ಯಾಂಡ್‌ಲೈನ್‌ಗೂ ಇದೇ ಅಪಾಯ ಇದೆ, *72 ಒತ್ತಿ ಅಂತ ಯಾರು ಹೇಳಿದರೂ ಒತ್ತಬಾರದು. ಹಣ ಹೋಗಿದೆ ಅಂತ ಅನುಮಾನ ಬಂದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ವಾಪಸ್ ತೆಗೆಯುವುದು

ಮೂರು ವಾರ ಕಳೆದು ಅಮ್ಮನನ್ನು ಬಸವನಗುಡಿಗೆ ಬಿಡಲು ಹೋದ ದಿನ ಮೊದಲು ಮಾಡಿದ ಕೆಲಸ *73. ಪೋರ್ಟಲ್‌ನಲ್ಲಿದ್ದ ಎಲ್ಲ ಕಾಲ್ ಫಾರ್ವರ್ಡ್ ತೆಗೆದು, ಲೈನ್ ಸತ್ತಾಗ ತಿರುಗುವುದನ್ನು ಮಾತ್ರ ಹಾಗೇ ಬಿಟ್ಟೆ. *92 ಹಾಕಿದೆ, 35 ಸೆಕೆಂಡ್. ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ "ತೆಗೆಯಲು: *73, *91, *93" ಅಂತ ಬರೆದು ಫೋನಿನ ಕೆಳಗೆ ಸೆಲೋಟೇಪ್ ಹಾಕಿ ಅಂಟಿಸಿದೆ. ನನ್ನ ಮೊಬೈಲ್ ನಂಬರನ್ನೂ ಕೆಳಗೆ ಬರೆದೆ. ದೊಡ್ಡಮ್ಮನಿಗೆ ಫೋನ್ ಮಾಡಿ, ಆ ನಂಬರನ್ನು ಅವರ ಡೈರಿಯಲ್ಲಿ ಬರೆಸಿದೆ, ಓದಿ ಹೇಳಿ ಅಂತ ಒಂದು ಸಲ ವಾಪಸ್ ಕೇಳಿಸಿಕೊಂಡೆ.

ಆಮೇಲೆ "ಈಗ ಬಸವನಗುಡಿ ನಂಬರ್‌ಗೆ ಮಾಡಿ ದೊಡ್ಡಮ್ಮ" ಅಂದೆ. ನನ್ನ ಮೊಬೈಲ್ ಮೇಜಿನ ಮೇಲೆ ಸುಮ್ಮನಿತ್ತು. ಹಾಲ್‌ನಲ್ಲಿ ಟ್ರಿಣ್-ಟ್ರಿಣ್ ಶುರುವಾಯಿತು. ಅಮ್ಮ ಅಡುಗೆಮನೆಯಿಂದ ನಿಧಾನವಾಗಿ ಬಂದು, ಎಂಟನೇ ಸುತ್ತಿಗೆ ಎತ್ತಿದರು.